ಬಿಲ್ಲಿನ ಬೆನ್ನಿಗೆ ಯಾವ ರೇಷ್ಮೆ? ಧಾರೆ ಸೀರೆಯಂತೂ ಬೇಡ



ಈ ಸಲದ ಟಿಪ್ಪಣಿ ಅರ್ಧ ಹೊಲದ್ದು, ಅರ್ಧ ಹೊಲ ದಾಟಿ ಹೋದದ್ದು. ಗೂಡು ಬಿಡಿಸಿ, ರಾಮನಗರ ಮಾರ್ಕೆಟ್ಟಿಗೆ ಹಾಕಿ, ಹರಾಜು ಮುಗಿದು ಖಾತೆಗೆ ದುಡ್ಡು ಬಿತ್ತಾ ಅಂತ ಮೊಬೈಲು ನೋಡಿಕೊಂಡರೆ ನಮ್ಮ ಪಾಲಿನ ರೇಷ್ಮೆ ಅಲ್ಲಿಗೆ ಮುಗೀತು. ಆಮೇಲೆ ಅದು ನೂಲಾಯ್ತಾ, ಸೀರೆಯಾಯ್ತಾ, ಯಾರು ಉಟ್ಟರು, ನಮಗೆ ಗೊತ್ತಾಗಲ್ಲ. ಆದರೆ ಎರಡು ತಿಂಗಳಿಂದ ನನ್ನ ಸೋದರಳಿಯ ಅಮೆರಿಕದಿಂದ ಫೋನು ಮಾಡಿ ಕೇಳ್ತಿರೋದು ಒಂದೇ ಪ್ರಶ್ನೆ: "ಮಾವ, ಬಿಲ್ಲಿನ ಬೆನ್ನಿಗೆ ಅಂಟಿಸೋಕೆ ಯಾವ ರೇಷ್ಮೆ ಒಳ್ಳೇದು?"

ಬಿಲ್ಲು ಅಂದರೆ ನಾಟಕದ ಬಿಲ್ಲಲ್ಲ. ಅಲ್ಲಿ ಮರದ ಬಿಲ್ಲನ್ನ ಕೈಯಲ್ಲೇ ಕೆತ್ತಿ ಮಾಡೋ ಹವ್ಯಾಸದವರು ಬಹಳ ಜನ ಇದ್ದಾರೆ. ಅಂಗಡಿಯಿಂದ ಕೆಂಪು ಓಕ್ ಮರದ ಹಲಗೆ ತಂದು, ಉಜ್ಜುಗೊರಡು, ಅರ ಇಟ್ಟುಕೊಂಡು ಮನೆಯ ಗ್ಯಾರೇಜಿನಲ್ಲೇ ಮಾಡ್ತಾರೆ. ಹಾಗೆ ಮಾಡಿದ ಬಿಲ್ಲಿನ ಬೆನ್ನಿಗೆ ತೆಳ್ಳನೆ ರೇಷ್ಮೆ ಬಟ್ಟೆಯನ್ನ ಗೋಂದು ಹಾಕಿ ಅಂಟಿಸೋ ರೂಢಿ ಇದೆ. ಇವನು ಕಂಪ್ಯೂಟರ್ ಕೆಲಸದವನು, ಶನಿವಾರ ಭಾನುವಾರ ಇದೇ ಹುಚ್ಚು. ಇರಲಿ, ಬೇರೆ ಹುಚ್ಚಿಗಿಂತ ವಾಸಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಕಾರಣ ಹೇಳ್ತೀನಿ. ಅಪ್ಪಟ ಹಿಪ್ಪುನೇರಳೆ ರೇಷ್ಮೆ, ಉದ್ದ ಎಳೆಯ ನೂಲಿನದು, ಸಾದಾ ನೇಯ್ಗೆ, ತೆಳು, ಹೊಸದು, ಜರಿ ಇಲ್ಲದ್ದು. ಇಷ್ಟೇ. ಹಳೇ ಸೀರೆ ಬೇಡ, ಕ್ರೇಪ್ ಬೇಡ, ಸ್ಯಾಟಿನ್ ಬೇಡ. ಅದಕ್ಕಿಂತ ಮುಂಚೆ ಇನ್ನೊಂದು ಮಾತು: ಮರ ಕೆಟ್ಟದಾಗಿದ್ದರೆ ಯಾವ ರೇಷ್ಮೆಯೂ ಬೇಡ, ಹಲಗೆ ಬದಲಾಯಿಸಿ.

ರೇಷ್ಮೆ ಬೆಳೆಯೋನೇ ಹೀಗೆ ಹೇಳ್ತಾನಲ್ಲ ಅಂತ ನಗಬೇಡಿ. ಬಿಲ್ಲು ಬಗ್ಗಿಸಿದಾಗ ಏನಾಗುತ್ತೆ ಅಂತ ನೋಡಿ. ಗುರಿಯ ಕಡೆ ಇರೋದು ಬಿಲ್ಲಿನ ಬೆನ್ನು, ಬಿಡೋನ ಕಡೆ ಇರೋದು ಹೊಟ್ಟೆ. ಹೆದೆ ಎಳೆದಾಗ ಹೊಟ್ಟೆಯ ಕಡೆ ಮರ ಅಮುಕಿಕೊಳ್ಳುತ್ತೆ, ಬೆನ್ನಿನ ಕಡೆ ಹಿಗ್ಗುತ್ತೆ. ಮುರಿಯೋ ಬಿಲ್ಲು ಹೆಚ್ಚಾಗಿ ಮುರಿಯೋದು ಬೆನ್ನಿನಿಂದ. ಎಲ್ಲೋ ಒಂದು ಕಡೆ ಮರದ ನಾರು ಕಡಿದಿರುತ್ತೆ, ಅಲ್ಲಿ ಒಂದು ಸಣ್ಣ ಸಿಬರು ಮೇಲೇಳುತ್ತೆ, ಮುಂದಿನ ಎಳೆತಕ್ಕೆ ಆ ಸಿಬರು ಒಳಕ್ಕೆ ಹರಿಯುತ್ತೆ, ಆಮೇಲೆ ಪಟಾರ್ ಅಂತ ಎರಡು ತುಂಡು. ಎಳೆದಿರೋದು ಮುಖದ ಮುಂದೆ, ಕೆನ್ನೆಯ ಹತ್ತಿರ ಅನ್ನೋದು ನೆನಪಿರಲಿ. ನನ್ನ ಅಳಿಯನ ಮೊದಲನೇ ಬಿಲ್ಲು ಮುರಿದಾಗ ಒಂದು ಚೂರು ಹುಬ್ಬಿನ ಪಕ್ಕ ಗೀರಿಕೊಂಡು ಹೋಯ್ತು. ಒಂದು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು. ಅವರಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ. ಅವಳು ಈ ಪುಟ ಓದಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದ್ದೀನಿ.

ಮುರಿದ ಬಿಲ್ಲಿನ ಫೋಟೋ ಕಳಿಸಿದ್ದ. ನೋಡಿದ ತಕ್ಷಣ ಗೊತ್ತಾಯ್ತು. ಹಲಗೆಯ ಮೇಲೆ ಮರದ ಗೆರೆಗಳು ಉದ್ದಕ್ಕೂ ಹೋಗಿಲ್ಲ, ಓರೆಯಾಗಿ ಹೋಗಿ ಅಂಚಿನಿಂದ ಆಚೆ ಬಿದ್ದಿವೆ. ಅಂಥ ಜಾಗದಲ್ಲೇ ಮುರಿದಿದೆ. ಕೊಡಲಿಗೆ ಕಾವು ಹಾಕಿದ ಯಾವ ರೈತನಿಗಾದರೂ ಇದು ಗೊತ್ತು. ದಿಂಡಿಗದ ಕೊಂಬೆಯನ್ನ ಸೀಳಿ ಕಾವು ಮಾಡಿದರೆ ಸೀಳು ನಾರಿನ ಜೊತೆಯೇ ಹೋಗುತ್ತೆ, ಹತ್ತು ವರ್ಷ ಬರುತ್ತೆ. ಮಿಲ್ಲಲ್ಲಿ ಕೊಯ್ದ ಪಟ್ಟಿಯಿಂದ ಮಾಡಿದರೆ ಗರಗಸ ತನ್ನ ಪಾಡಿಗೆ ನೆಟ್ಟಗೆ ಹೋಗಿರುತ್ತೆ, ನಾರು ತನ್ನ ಪಾಡಿಗೆ ಸೊಟ್ಟ ಹೋಗಿರುತ್ತೆ. ಎರಡನೇ ಮಳೆಗಾಲಕ್ಕೆ ಕಾವು ಮುರಿದು ಕೊಡಲಿ ಎಲ್ಲೋ ಹಾರುತ್ತೆ. ಹಳೇ ಕಾಲದ ಇಂಗ್ಲೆಂಡಿನವರು ಯೂ ಅನ್ನೋ ಮರದಲ್ಲಿ ಆಳುದ್ದದ ಬಿಲ್ಲು ಮಾಡ್ತಿದ್ದರು. 1545ರಲ್ಲಿ ಮುಳುಗಿದ ಮೇರಿ ರೋಸ್ ಅನ್ನೋ ಹಡಗನ್ನ 1982ರಲ್ಲಿ ಮೇಲೆತ್ತಿದರು, ಅದರಲ್ಲಿ ಅಂಥ ಬಿಲ್ಲುಗಳು ನೂರಕ್ಕೂ ಹೆಚ್ಚು ಸಿಕ್ಕವು. ಅವುಗಳ ಬೆನ್ನಿಗೆ ರೇಷ್ಮೆಯೂ ಇಲ್ಲ, ಚರ್ಮವೂ ಇಲ್ಲ. ಮರದ ಹೊರಗಿನ ಬಿಳಿ ತಿರುಳೇ ಬೆನ್ನು. ಮರ ಆರಿಸೋದು ಗೊತ್ತಿದ್ದವರಿಗೆ ಬಟ್ಟೆ ಬೇಕಾಗಲಿಲ್ಲ.

ನಮ್ಮ ಕಡೆ ಬಿದಿರಿನ ಬಿಲ್ಲಿಗೂ ಅಷ್ಟೇ. ಬಿದಿರಿನ ಹೊರಗಿನ ಹಸಿರು ಸಿಪ್ಪೆಯ ಹತ್ತಿರವೇ ನಾರು ದಟ್ಟವಾಗಿರೋದು. ಅದನ್ನ ಬೆನ್ನಾಗಿ ಇಟ್ಟುಕೊಂಡು ಕೆರೆಯದೆ ಬಿಟ್ಟರೆ ಅದಕ್ಕಿಂತ ಒಳ್ಳೇ ಬೆನ್ನು ಇಲ್ಲ. ಬೇರೆ ಮರದ ಬಿಲ್ಲಿಗೆ ಬಿದಿರಿನ ಪಟ್ಟಿಯನ್ನೇ ಬೆನ್ನಾಗಿ ಅಂಟಿಸೋರೂ ಇದ್ದಾರೆ. ಹಾಗಾಗಿ ಇದನ್ನ ಓದಿ ಬಿದಿರಿನ ಬಿಲ್ಲಿಗೆ ರೇಷ್ಮೆ ಹುಡುಕಿಕೊಂಡು ಹೋಗಬೇಡಿ.

ಹಾಗಾದರೆ ರೇಷ್ಮೆ ಮಾಡೋದೇನು? ಬಿಲ್ಲಿಗೆ ಬಲ ಕೊಡಲ್ಲ. ಇದನ್ನ ಬಹಳ ಜನ ತಪ್ಪು ತಿಳಿದಿದ್ದಾರೆ. "ರೇಷ್ಮೆ ಉಕ್ಕಿನಷ್ಟು ಗಟ್ಟಿ" ಅಂತ ಎಲ್ಲೋ ಓದಿರ್ತಾರೆ, ಅಂಟಿಸಿದರೆ 40 ಪೌಂಡಿನ ಬಿಲ್ಲು 50 ಪೌಂಡು ಆಗುತ್ತೆ ಅಂದುಕೊಳ್ತಾರೆ. ಆಗಲ್ಲ. ಮರ ಬಗ್ಗುವಾಗ ಬೆನ್ನು ಹಿಗ್ಗೋದು ನೂರಕ್ಕೆ ಒಂದು ಭಾಗದ ಆಸುಪಾಸು, ಅಷ್ಟೇ. ರೇಷ್ಮೆ ಎಳೆ ಕಡಿಯೋ ಮುಂಚೆ ನೂರಕ್ಕೆ ಹದಿನೈದು ಇಪ್ಪತ್ತು ಭಾಗ ಹಿಗ್ಗುತ್ತೆ. ಅಂದರೆ ಮರ ತನ್ನ ಕೊನೆ ಮುಟ್ಟುವಾಗ ರೇಷ್ಮೆ ಇನ್ನೂ ಮೈ ಮುರಿದು ಎದ್ದಿರಲ್ಲ. ಅದರ ಕೆಲಸ ಬೇರೆ. ಸಿಬರು ಏಳೋಕೆ ನೋಡಿದಾಗ ಮೇಲಿಂದ ಅಮುಕಿ ಹಿಡಿಯೋದು. ಒಂದು ವೇಳೆ ಬಿಲ್ಲು ಮುರಿದೇ ಹೋದರೆ ಚೂರುಗಳು ಮುಖದ ಕಡೆ ಹಾರದಂತೆ ತಕ್ಕಮಟ್ಟಿಗೆ ಹಿಡಿದುಕೊಳ್ಳೋದು. ಬಾಳೆಗಿಡಕ್ಕೆ ಊರುಗೋಲು ಕೊಟ್ಟ ಹಾಗೆ. ಊರುಗೋಲಿನಿಂದ ಗೊನೆ ದಪ್ಪ ಆಗಲ್ಲ, ಗಿಡ ಬೀಳಲ್ಲ ಅಷ್ಟೇ.

ಬಲ ಬೇಕಾದವರು ಹಿಂದಿನಿಂದಲೂ ಪ್ರಾಣಿಯ ಸ್ನಾಯುವಿನ ನಾರು ಹಾಕ್ತಿದ್ದರು. ತುರ್ಕಿಯವರ, ಮೊಗಲರ ಬಿಲ್ಲುಗಳ ಬೆನ್ನಿಗೆ ನಾರು, ಹೊಟ್ಟೆಗೆ ಕೋಣದ ಕೊಂಬು, ನಡುವೆ ಮರ. ವಿಷ್ಣುವಿನ ಬಿಲ್ಲಿಗೆ ಶಾರ್ಙ್ಗ ಅಂತ ಹೆಸರು ಇದೆಯಲ್ಲ, ಅದು ಶೃಂಗ ಅನ್ನೋದರಿಂದ ಬಂದದ್ದು, ಶೃಂಗ ಅಂದರೆ ಕೊಂಬು. ಹರಿಕಥೆ ದಾಸರು ಹೇಳಿದ್ದನ್ನ ಚಿಕ್ಕವನಿದ್ದಾಗ ಕೇಳಿದ್ದು, ಈಗ ಕೆಲಸಕ್ಕೆ ಬಂತು. ಆ ತುರ್ಕಿ ಬಿಲ್ಲುಗಳಿಗೆ ಹೆದೆ ಮಾತ್ರ ರೇಷ್ಮೆಯದು. ಅಲ್ಲಿ ರೇಷ್ಮೆ ನಿಜವಾಗಿ ಭಾರ ಹೊತ್ತಿದೆ.

ಈಗ ಬಟ್ಟೆಗೆ ಬರೋಣ. ಇಲ್ಲೇ ನಾವು ರೇಷ್ಮೆ ಬೆಳೆಯೋರು ಎರಡು ಮಾತು ಹೇಳೋಕೆ ಹಕ್ಕಿರೋದು.

ಒಂದು ಗೂಡಿನ ಎಳೆ ಒಂದೇ ಎಳೆ. ಒಳ್ಳೇ ದ್ವಿತಳಿ ಗೂಡಾದರೆ ಸಾವಿರ ಮೀಟರಿನವರೆಗೂ ತುಂಡಾಗದೆ ಬಿಚ್ಚಿಕೊಳ್ಳುತ್ತೆ, ಮಿಶ್ರತಳಿಯದ್ದು ಇನ್ನೂ ಕಡಿಮೆ. ಆ ಉದ್ದವೇ ರೇಷ್ಮೆಯ ಶಕ್ತಿ. ಹತ್ತಿಯ ಎಳೆ ಒಂದೆರಡು ಅಂಗುಲ, ಹುರಿ ಹಾಕಿದರೆ ಮಾತ್ರ ನಿಲ್ಲುತ್ತೆ. ಬಿಚ್ಚಿದ ರೇಷ್ಮೆಗೆ ಆ ಗೋಜಿಲ್ಲ. ಆದರೆ ರೇಷ್ಮೆ ಅಂತ ಮಾರೋದೆಲ್ಲ ಬಿಚ್ಚಿದ ರೇಷ್ಮೆ ಅಲ್ಲ. ಬಿಚ್ಚಲಾಗದ ಗೂಡು, ತೂತಾದ ಗೂಡು, ಬಿಚ್ಚುವಾಗ ಬರೋ ಜುಟ್ಟು, ಇದನ್ನೆಲ್ಲ ಹಿಂಜಿ ಹತ್ತಿ ತರಹ ನೂತ ನೂಲೂ ಇದೆ. ಅದೂ ಅಪ್ಪಟ ರೇಷ್ಮೆಯೇ, ಅದರ ಬಟ್ಟೆಯೂ ಚೆನ್ನ, ಚಳಿಗೆ ಶಾಲು ಹೊದೆಯೋಕೆ ಬಹಳ ಹಿತ. ಬಿಲ್ಲಿಗೆ ಬೇಡ. ಎಳೆ ತುಂಡು ತುಂಡು, ಬಟ್ಟೆ ದಪ್ಪ, ಗೋಂದು ಕುಡಿಯೋದು ಜಾಸ್ತಿ. ಏರಿ ರೇಷ್ಮೆಯೂ ಇದೇ ಜಾತಿ, ಅದರ ಗೂಡಿನ ಬಾಯಿ ತೆರೆದಿರೋದರಿಂದ ಹಿಂಜಿ ನೂಲೋದೇ. ಹುಳು ಸಾಯಿಸದ ರೇಷ್ಮೆ ಬೇಕು ಅನ್ನೋರಿಗೂ ಸಿಗೋದು ಬಹುಪಾಲು ನೂತದ್ದೇ. ಅವರ ಮನಸ್ಸು ನನಗೆ ಅರ್ಥ ಆಗುತ್ತೆ, ಅಂಥವರು ನಾರಗಸೆಯ ಲಿನನ್ ಬಟ್ಟೆ ಅಂಟಿಸಲಿ, ಅದೂ ಒಳ್ಳೇ ಬೆನ್ನೇ.

ಕ್ರೇಪ್ ಯಾಕೆ ಬೇಡ ಅಂದೆ? ನಮ್ಮ ಮೈಸೂರು ರೇಷ್ಮೆ ಸೀರೆ ಕ್ರೇಪ್. ನೂಲಿಗೆ ಬಿಗಿಯಾಗಿ ಹುರಿ ಹಾಕಿ ನೇಯ್ದದ್ದು, ಅದಕ್ಕೇ ಆ ಬಳುಕು, ಆ ಬೀಳು. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆ, ಆ ಸೀರೆಯ ಬಗ್ಗೆ ನಾನು ಬೇರೆ ಮಾತಾಡಲ್ಲ, ಕೈ ಮುಗೀತೀನಿ. ಆದರೆ ಬಿಗಿ ಹುರಿಯ ನೂಲು ನೀರು ಮುಟ್ಟಿದರೆ ಮುದುಡುತ್ತೆ. ಮರಗೋಂದಿನಲ್ಲಿ ನೀರಿರುತ್ತೆ. ನೀವು ಹಲಗೆಯ ಮೇಲೆ ನೀಟಾಗಿ ಎಳೆದು ಅಂಟಿಸಿ ಕೈ ತೊಳೆದು ಬರೋದರೊಳಗೆ ಅದು ಸುಕ್ಕುಗಟ್ಟಿ ಅಂಚು ಎದ್ದಿರುತ್ತೆ. ಜಾರ್ಜೆಟ್ಟೂ ಇದೇ ಕಥೆ. ಸ್ಯಾಟಿನ್ ಆದರೆ ನೂಲುಗಳು ಮೇಲ್ಮೈ ಮೇಲೆ ಉದ್ದುದ್ದ ತೇಲಿಕೊಂಡಿರುತ್ತವೆ, ಹೊಳಪಿಗೋಸ್ಕರ. ಉಗುರು ತಾಗಿದರೂ ಎಳೆ ಏಳುತ್ತೆ. ಆರ್ಗಂಜಾದಲ್ಲಿ ಗೋಂದು ತೆಗೆದಿರಲ್ಲ, ಗಡುಸಾಗಿ ನಿಂತಿರುತ್ತೆ, ಬಿಲ್ಲಿನ ದುಂಡು ಅಂಚಿಗೆ ಮಡಿಚಿಕೊಂಡು ಕೂರಲ್ಲ.

ಗೋಂದು ಅಂದರೆ ಹುಳುವಿನ ಗೋಂದು. ಹುಳು ಗೂಡು ಕಟ್ಟುವಾಗ ಎಳೆಯ ಸುತ್ತ ಒಂದು ಗೋಂದು ಬಿಡುತ್ತಲ್ಲ, ಸೆರಿಸಿನ್ ಅಂತಾರೆ. ಗೂಡಿನ ತೂಕದಲ್ಲಿ ಹುಳುವಿನದು ಬಿಟ್ಟು ಬರೀ ರೇಷ್ಮೆ ತಗೊಂಡರೆ ಸುಮಾರು ಕಾಲು ಭಾಗ ಅದೇ. ಬಿಸಿನೀರಿಗೆ ಹಾಕಿದಾಗ ಅದು ಮೆತ್ತಗಾಗೋದರಿಂದಲೇ ರೀಲರುಗಳು ಎಳೆ ಬಿಚ್ಚೋಕೆ ಆಗೋದು. ಬಟ್ಟೆಯಲ್ಲಿ ಅದು ಉಳಿದಿದ್ದರೆ ನಿಮ್ಮ ಮರಗೋಂದು ಹಿಡಿಯೋದು ಹುಳುವಿನ ಗೋಂದನ್ನ, ಎಳೆಯನ್ನಲ್ಲ. ಅದಕ್ಕೇ ನಾನು ಹೇಳೋದು ಗೋಂದು ತೆಗೆದ, ಮುಟ್ಟಿದರೆ ಮೆತ್ತಗಿರೋ ಬಟ್ಟೆ. ಒಂದು ಹಾಸು ಮೇಲೆ, ಒಂದು ಕೆಳಗೆ, ಸಾದಾ ನೇಯ್ಗೆ. ಅಲ್ಲಿ ಅದನ್ನ ಹಾಬುಟಾಯ್ ಅಂತ ಮಾರ್ತಾರೆ, ಜಪಾನಿನ ಹೆಸರು. ದಪ್ಪ ಹೇಳೋಕೆ ಮಾಮಿ ಅನ್ನೋ ಅಳತೆ. ಅಳಿಯ "ಎಂಟು ಮಾಮಿ ಸಾಕಾ ಮಾವ" ಅಂದಾಗ ನಾನು ಒಂದು ಕ್ಷಣ ಯಾರ ಮದುವೆ ಅಂತ ಯೋಚನೆ ಮಾಡಿದೆ. ಒಂದು ಮಾಮಿ ಅಂದರೆ ಚದರ ಮೀಟರಿಗೆ 4.34 ಗ್ರಾಂ. ಐದರಿಂದ ಎಂಟು ಮಾಮಿ ಇದ್ದರೆ ಬಿಲ್ಲಿಗೆ ಸರಿ. ತೆಳ್ಳಗಿರೋದೇ ರೇಷ್ಮೆಯ ಲಾಭ, ಯಾಕಂದರೆ ಬಿಲ್ಲಿನ ತುದಿಯಲ್ಲಿ ಭಾರ ಹೆಚ್ಚಾದಷ್ಟೂ ಬಾಣ ನಿಧಾನ. ಹಸಿ ಚರ್ಮ ಅಂಟಿಸಿದರೆ ರೇಷ್ಮೆಗಿಂತ ಗಟ್ಟಿ ಕಾವಲು, ಆದರೆ ಭಾರ ಜಾಸ್ತಿ. ಅನುಮಾನ ಜಾಸ್ತಿ ಇರೋ ಹಲಗೆಗೆ ಚರ್ಮ, ಸ್ವಲ್ಪ ಅನುಮಾನಕ್ಕೆ ರೇಷ್ಮೆ, ಅನುಮಾನವೇ ಇಲ್ಲದಿದ್ದರೆ ಏನೂ ಬೇಡ. ಇದು ನನ್ನ ಲೆಕ್ಕ.

ಈಗ ಸೀರೆ ವಿಷಯ. ಇದಕ್ಕೋಸ್ಕರವೇ ನಾನು ಇಷ್ಟುದ್ದ ಬರೆಯೋಕೆ ಕೂತಿದ್ದು.

ಅಳಿಯನ ತಲೆಯಲ್ಲಿ ಬಂದದ್ದು ಏನಂದರೆ, ಅವರಮ್ಮನ ಧಾರೆ ಸೀರೆ ಬೀರುವಿನಲ್ಲಿ ಸುಮ್ಮನೆ ಬಿದ್ದಿದೆ, ಅದರ ಒಡಲಿನಿಂದ ಎರಡು ಪಟ್ಟಿ ಕತ್ತರಿಸಿ ಬಿಲ್ಲಿಗೆ ಅಂಟಿಸಿದರೆ ರೇಷ್ಮೆಯೂ ಆಯ್ತು, ಅಮ್ಮನ ನೆನಪೂ ಆಯ್ತು. ನನ್ನ ತಂಗಿ "ತಗೊಂಡು ಹೋಗೋ, ನಾನೇನು ಇನ್ನು ಉಡ್ತೀನಾ" ಅಂದುಬಿಟ್ಟಳಂತೆ. ಮಗ ಕೇಳಿದರೆ ಅವಳು ಮನೆ ತೊಲೆಯನ್ನೂ ಕೊಡ್ತಾಳೆ. ಆ ಸೀರೆ 1995ರದು. ನಮ್ಮಪ್ಪ ಹೋಗಿ ಎರಡು ವರ್ಷ ಆಗಿತ್ತು. ಆ ಬೆಳೆ ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ಸಾಲದೆ, ಪಕ್ಕದ ಹಳ್ಳಿಯಿಂದ ತಲೆ ಮೇಲೆ ಹೊತ್ತು ತಂದು ಹಾಕಿ, ಚಂದ್ರಿಕೆಗೆ ಬಿಟ್ಟು, ಗೂಡು ಮಾರಿದ ದುಡ್ಡಿನಲ್ಲಿ ತಂದ ಸೀರೆ ಅದು. ಹಾಗಾಗಿ ನಾನು ಬೇಡ ಅಂದಾಗ ಅಳಿಯ "ಮಾವನಿಗೆ ಸೆಂಟಿಮೆಂಟು" ಅಂದ. ಸೆಂಟಿಮೆಂಟು ಇದೆಯಪ್ಪ, ಇಲ್ಲ ಅನ್ನಲ್ಲ. ಆದರೆ ಅದನ್ನ ಪಕ್ಕಕ್ಕಿಟ್ಟು ಕೇಳು ಅಂದೆ.

ರೇಷ್ಮೆಗೆ ವಯಸ್ಸಾಗುತ್ತೆ. ಬಿಸಿಲು ಅದರ ಶತ್ರು, ಬೆವರು ಶತ್ರು, ಸೋಡಾ ಸೋಪು ಶತ್ರು. ಮೂವತ್ತು ವರ್ಷ ಒಂದೇ ಮಡಿಕೆಯಲ್ಲಿ ಇಟ್ಟರೆ ಆ ಮಡಿಕೆಯ ಗೆರೆಯಲ್ಲೇ ನೂಲು ಸೀಳುತ್ತೆ. ಯಾವ ಮನೆಯ ಬೀರುವಿನಲ್ಲಿ ಬೇಕಾದರೂ ನೋಡಿ, ಹಳೇ ಸೀರೆ ಬಿಚ್ಚಿದರೆ ಮಡಿಕೆ ಉದ್ದಕ್ಕೂ ಸಣ್ಣ ಸಣ್ಣ ಸೀಳು ಇರುತ್ತೆ. ಉಟ್ಟ ಸೀರೆಯಾದರೆ ಸೊಂಟದ ಹತ್ತಿರ, ಕಂಕುಳ ಹತ್ತಿರ ಇನ್ನೂ ಸೋತಿರುತ್ತೆ. ಕಣ್ಣಿಗೆ ಮಾತ್ರ ಹೊಳಪು ಹಾಗೇ ಇರುತ್ತೆ. ಸಿಬರು ಹಿಡಿಯಬೇಕಾದ ಬಟ್ಟೆಯೇ ಸೋತಿದ್ದರೆ ಅದನ್ನ ಅಂಟಿಸಿ ಏನು ಪ್ರಯೋಜನ? ಅಂಟಿಸಿದೀನಿ ಅನ್ನೋ ಧೈರ್ಯದಲ್ಲಿ ಇನ್ನೂ ನಾಲ್ಕು ಅಂಗುಲ ಜಾಸ್ತಿ ಎಳೀತಾನೆ. ಅದಕ್ಕಿಂತ ಬರೀ ಮರವೇ ಮೇಲು, ಹೆದರಿಕೆಯಾದರೂ ಇರುತ್ತೆ. ಜರಿಯಂತೂ ಲೋಹ. ರೇಷ್ಮೆ ಹಿಗ್ಗಿದ ಹಾಗೆ ಅದು ಹಿಗ್ಗಲ್ಲ, ಗೋಂದೂ ಅದಕ್ಕೆ ಹಾಗೆ ಕಚ್ಚಲ್ಲ.

ಯಾವ ಬಟ್ಟೆಯಾದರೂ ಸರಿ, ಹೊಸದೋ ಹಳೇದೋ, ಅಂಟಿಸೋ ಮುಂಚೆ ಹೀಗೆ ನೋಡಿ. ಎರಡು ಬೆರಳಗಲದ ಪಟ್ಟಿ ಕತ್ತರಿಸಿ ಎರಡೂ ಕೈಯಲ್ಲಿ ಹಿಡಿದು ಟಪ್ ಅಂತ ಜಗ್ಗಿ. ಒಳ್ಳೇ ಬಟ್ಟೆಯಾದರೆ ಕೈ ನೋಯುತ್ತೆ, ಸೋತ ಬಟ್ಟೆ ಪರ್ ಅನ್ನುತ್ತೆ. ಹಾಸಿನ ಕಡೆಯೂ ಜಗ್ಗಿ, ಹೊಕ್ಕಿನ ಕಡೆಯೂ ಜಗ್ಗಿ. ಆಮೇಲೆ ನಾಲ್ಕು ನೂಲು ಕಿತ್ತು ಬೆಂಕಿಗೆ ಹಿಡಿಯಿರಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದ ಮೇಲೆ ಆರಿಹೋಗುತ್ತೆ, ಉಳಿದ ಕರಿಯ ಗುಳ್ಳೆ ಬೆರಳಲ್ಲಿ ಹಿಚುಕಿದರೆ ಪುಡಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತೆ. ಆರ್ಟ್ ಸಿಲ್ಕ್ ಅಂತ ಮಾರೋದು ಕಾಗದದ ಹಾಗೆ ಉರಿಯುತ್ತೆ, ಅದು ವಿಸ್ಕೋಸ್, ಒದ್ದೆಯಾದರೆ ಅದರ ಬಲ ಅರ್ಧಕ್ಕರ್ಧ ಹೋಗುತ್ತೆ. ಆರ್ಟ್ ಅಂದರೆ ಕಲೆ ಅಂದುಕೊಂಡು ತಗೊಳ್ಳೋರು ಇದ್ದಾರೆ, ಅದು ಕೃತಕ ಅನ್ನೋದರ ತುಂಡು ಪದ. ಇನ್ನೊಂದು ಪರೀಕ್ಷೆ ನಮ್ಮ ಹುಳು ಮನೆಯಲ್ಲೇ ಇದೆ. ಬಟ್ಟೆ ಬೆಳ್ಳಗೆ ಮಾಡೋ ಬ್ಲೀಚಿನಲ್ಲಿ ಒಂದು ಎಳೆ ಹಾಕಿಡಿ, ನಿಜವಾದ ರೇಷ್ಮೆ ಕರಗಿಹೋಗುತ್ತೆ, ಪಾಲಿಯೆಸ್ಟರ್ ಹಾಗೇ ಕೂತಿರುತ್ತೆ.

ಪರೀಕ್ಷೆ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದರೆ, ಅಳಿಯನಿಗೆ ಕಳಿಸೋಕೆ ಅಂತ ನಾನೇ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆ. ಹೆಸರು ಬೇಡ. "ಪ್ಯೂರ್ ಸಾಫ್ಟ್ ಸಿಲ್ಕ್, ಮೀಟರಿಗೆ ಇಷ್ಟು" ಅಂತ ಬಿಳೀ ಬಟ್ಟೆ ತೆಗೆದು ಹರವಿದ ಹುಡುಗ. ಒಂದು ಎಳೆ ಕೊಡಪ್ಪ, ಆಚೆ ಹೋಗಿ ಸುಟ್ಟು ನೋಡ್ತೀನಿ ಅಂದೆ. ಮುಖ ನೋಡಿದ. ಪಂಚೆ ಉಟ್ಟಿದ್ದೆ, ಟವೆಲ್ಲು ಹೆಗಲ ಮೇಲಿತ್ತು. ಕೊಟ್ಟ. ಬೀಡಿ ಸೇದೋರ ಹತ್ತಿರ ಬೆಂಕಿಪೊಟ್ಟಣ ಇಸಕೊಂಡು ಹಚ್ಚಿದೆ, ಮಣಿಯಾಯ್ತು. ವಾಪಸ್ ತಂದು ಅವನ ಮುಂದೆ ಇಟ್ಟೆ. "ಸರ್, ಇದು ಸಿಲ್ಕ್ ಫಿನಿಶ್" ಅಂದ. ಮುತ್ತಿನಂಥ ಗೂಡು ಬೆಳೆದು ಮಾರ್ಕೆಟ್ಟಿನಲ್ಲಿ ಎಂಟು ಜನ ರೀಲರುಗಳ ಹತ್ತಿರ ಹಿಚುಕಿಸಿಕೊಳ್ಳೋ ನಮಗೆ, ಬಟ್ಟೆ ಅಂಗಡಿಯಲ್ಲಿ ಒಂದು ಎಳೆ ಕೇಳಿದರೆ ಈ ಉತ್ತರ. 2004ರಿಂದ ಸಿಲ್ಕ್ ಮಾರ್ಕ್ ಅಂತ ಚೀಟಿ ಇದೆ, ಕೇಂದ್ರ ರೇಷ್ಮೆ ಮಂಡಳಿ ಕಡೆಯದು, ಅದನ್ನ ನೋಡಿ ತಗೊಳ್ಳಿ. ಆದರೆ ಅದು ಅಪ್ಪಟ ರೇಷ್ಮೆ ಅನ್ನೋದನ್ನ ಮಾತ್ರ ಹೇಳುತ್ತೆ. ಬಿಚ್ಚಿದ್ದೋ ನೂತದ್ದೋ, ಕ್ರೇಪೋ ಸಾದಾನೋ, ಅದನ್ನ ನೀವೇ ನೋಡಬೇಕು.

ಒಂದು ಸಂಜೆ ಸೊಪ್ಪು ಹಾಕಿ ಕೂತು ಲೆಕ್ಕ ಹಾಕಿದೆ. ಬಿಲ್ಲು ಸುಮಾರು 68 ಅಂಗುಲ ಉದ್ದ, ಪಟ್ಟಿ ಎರಡು ಅಂಗುಲ ಅಗಲ. ಎಂಟು ಮಾಮಿ ಬಟ್ಟೆಯಾದರೆ ಮೂರು ಗ್ರಾಮಿನಷ್ಟು ರೇಷ್ಮೆ. ಏಳು ಕೆ.ಜಿ. ಗೂಡಿಗೆ ಒಂದು ಕೆ.ಜಿ. ನೂಲು ಅಂತ ಹಿಡಿದು, ಅದರಲ್ಲಿ ಗೋಂದಿನ ಕಾಲು ಭಾಗ ಕಳೆದರೆ, ಒಂದು ಬಿಲ್ಲಿನ ಬೆನ್ನಿಗೆ ಹದಿನಾರು ಹದಿನೇಳು ಗೂಡು. ವೇಸ್ಟು ಸೇರಿಸಿ ಇಪ್ಪತ್ತು ಇಟ್ಟುಕೊಳ್ಳಿ. ಒಂದು ಬೊಗಸೆ. ಎಳೆ ಲೆಕ್ಕ ಹಾಕಿದರೆ ಹನ್ನೆರಡು ಕಿಲೋಮೀಟರಿನ ಆಸುಪಾಸು, ನಮ್ಮೂರಿಂದ ಚನ್ನಪಟ್ಟಣಕ್ಕೆ ಹೋಗುವಷ್ಟು. ಗೂಡು ಕೆ.ಜಿ.ಗೆ 500 ಅಂತಲೇ ಲೆಕ್ಕಕ್ಕೆ ಹಿಡಿದರೂ ರೈತನಿಗೆ ಬರೋದು ಹದಿನೇಳು ರೂಪಾಯಿ. ಅವನು ಅಲ್ಲಿ ಬಟ್ಟೆಗೆ ಕೊಡೋದು ಎಷ್ಟು ಅಂತ ಕೇಳೋಕೆ ಹೋಗಲಿಲ್ಲ.

ಬಿಲ್ಲು ಮಾಡೋರು ರೇಷ್ಮೆ ಕೊಂಡರೆ ನಮ್ಮ ಗೂಡಿನ ರೇಟು ಏರುತ್ತೆ ಅಂತ ನಾನು ಹೇಳ್ತಿಲ್ಲ. ಒಂದು ಬೊಗಸೆ ಗೂಡಿನ ಗಿರಾಕಿಯಿಂದ ಏನೂ ಆಗಲ್ಲ. ನನಗೆ ಸಿಟ್ಟು ಬೇರೆ ಕಡೆ. ದೇಶದಲ್ಲೇ ಹೆಚ್ಚು ಕಚ್ಚಾ ರೇಷ್ಮೆ ಬೆಳೆಯೋ ರಾಜ್ಯ ನಮ್ಮದು. ಇಲ್ಲಿ ಒಬ್ಬ ಮನುಷ್ಯ ತೆಳ್ಳನೆ ಸಾದಾ ಬಿಳೀ ರೇಷ್ಮೆ ಎರಡು ಮೀಟರು ಕೊಡಿ ಅಂದರೆ ಊರೂರು ಅಲೀಬೇಕು. ಅಮೆರಿಕದಲ್ಲಿ ಕೂತವನಿಗೆ ಅದೇ ಬಟ್ಟೆ ಮನೆ ಬಾಗಿಲಿಗೆ ಬರುತ್ತೆ, ಚೀನಾದ್ದು. ನಮ್ಮಲ್ಲಿ ರೇಷ್ಮೆ ಅಂದರೆ ಸೀರೆ, ಸೀರೆ ಅಂದರೆ ಮದುವೆ. ಆಷಾಢ ಬಂದರೆ ಸೀರೆ ಅಂಗಡಿ ತಣ್ಣಗೆ, ಅದು ತಣ್ಣಗಾದರೆ ರೀಲರು ತಣ್ಣಗೆ, ಕೊನೆಗೆ ಹುಳು ಸಾಕಿದೋನು ತಣ್ಣಗೆ. ಶಾಲು, ಲೈನಿಂಗು, ಚಿತ್ರ ಬರೆಯೋ ಬಟ್ಟೆ, ಹೊಲಿಗೆ ದಾರ, ಇಂಥ ಮದುವೆ ಇಲ್ಲದ ಕೆಲಸಗಳಿಗೂ ನಮ್ಮ ನೂಲು ಹೋಗಬೇಕು. ಇಲಾಖೆಯವರು ತರಬೇತಿಗೆ ಕರೆದಾಗಲೆಲ್ಲ ಎಲೆ ಹೇಗೆ ಬೆಳೀಬೇಕು, ಹುಳು ಹೇಗೆ ಸಾಕಬೇಕು ಅಂತ ಹೇಳ್ತಾರೆ, ಒಳ್ಳೇದೇ. ಬಟ್ಟೆ ಏನೇನಾಗಬಹುದು ಅಂತ ನೇಕಾರರನ್ನ, ರೀಲರುಗಳನ್ನ, ನಮ್ಮನ್ನ ಒಂದೇ ಕಡೆ ಕೂರಿಸಿ ಒಂದು ದಿನ ಮಾತಾಡಿಸಲಿ. ನಾನು ಬಸ್ ಚಾರ್ಜು ಹಾಕಿಕೊಂಡು ಬರ್ತೀನಿ.

ಕೊನೆಗೆ ದೊಡ್ಡಬಳ್ಳಾಪುರದಲ್ಲಿ ಪರಿಚಯದ ನೇಕಾರರೊಬ್ಬರು ಸಿಕ್ಕರು. ಹಾಸಿಗೂ ಹೊಕ್ಕಿಗೂ ದ್ವಿತಳಿ ನೂಲು ಹಾಕಿ ಸಾದಾ ಬಟ್ಟೆ ನೇಯ್ದದ್ದು ಅವರ ಹತ್ತಿರ ಒಂದು ತುಂಡು ಉಳಿದಿತ್ತು, ಬಣ್ಣ ಹಾಕಿಸೋಕೆ ಇಟ್ಟಿದ್ದಂತೆ. ಸುಟ್ಟು ನೋಡ್ತೀನಿ ಅಂದರೆ ಅವರೇ ಕಡ್ಡಿ ಗೀರಿ ಕೊಟ್ಟರು. ಎರಡು ಮೀಟರು ತಂದೆ. ಉದ್ದ ಎರಡು ಮೀಟರು ಯಾಕಂದರೆ ಪಟ್ಟಿಯನ್ನ ಹಾಸಿನ ಉದ್ದಕ್ಕೇ ಕತ್ತರಿಸಬೇಕು, ಬಟ್ಟೆಯ ಅಂಚಿಗೆ ಸಮನಾಗಿ. ದುಡ್ಡು ಉಳಿಸೋಕೆ ಅರ್ಧ ಮೀಟರು ತಂದು ಅಡ್ಡಕ್ಕೆ ಕತ್ತರಿಸೋದು ಬೇಡ. ಓರೆಯಾಗಿ ಕತ್ತರಿಸಿದರೆ ರಬ್ಬರಿನ ಹಾಗೆ ಜಗ್ಗುತ್ತೆ, ಅದು ಬೇಡವೇ ಬೇಡ. ಒಂದೇ ಮೀಟರು ಸಿಕ್ಕಿದರೆ ಎರಡು ತುಂಡು ಮಾಡಿ, ಹಿಡಿಯ ಹತ್ತಿರ ಒಂದರ ಮೇಲೊಂದು ಬರೋ ಹಾಗೆ ಜೋಡಿಸಿ. ಹಿಡಿ ಬಗ್ಗಲ್ಲ, ಹಾಗಾಗಿ ಅಲ್ಲಿ ಜೋಡಣೆ ಇದ್ದರೆ ತೊಂದರೆ ಇಲ್ಲ.

ಅಂಟಿಸೋ ಕೆಲಸದ ಬಗ್ಗೆ ಅಳಿಯನಿಗೇ ನನಗಿಂತ ಜಾಸ್ತಿ ಗೊತ್ತು, ಆದರೂ ಕೇಳಿದವರಿಗೆ ಹೇಳಿಬಿಡ್ತೀನಿ. ಬಿಲ್ಲು ನೆಲಕ್ಕೆ ಒತ್ತಿದರೆ ಸ್ವಲ್ಪ ಬಗ್ಗೋ ಹಂತಕ್ಕೆ ಬಂದಾಗಲೇ ಅಂಟಿಸಬೇಕು, ಪೂರ್ತಿ ಬಗ್ಗಿಸಿ ನೋಡಿ ಆಮೇಲೆ ಅಲ್ಲ. ಬೆನ್ನನ್ನ ಉಜ್ಜಿ ಧೂಳು ಒರೆಸಿ, ತೆಳ್ಳಗೆ ಒಂದು ಕೈ ಮರಗೋಂದು ಬಳಿದು ಕುಡಿಯೋಕೆ ಬಿಡಿ. ಆಮೇಲೆ ಇನ್ನೊಂದು ಕೈ ಬಳಿದು ಬಟ್ಟೆ ಹಾಸಿ, ಹಿಡಿಯಿಂದ ತುದಿ ಕಡೆಗೆ ಬೆರಳಲ್ಲಿ ತೀಡಿ, ಗಾಳಿ ಗುಳ್ಳೆ ಒಂದೂ ಉಳಿಯಬಾರದು. ಗೋಂದು ಕುಡಿದ ಮೇಲೆ ರೇಷ್ಮೆ ಕಾಣೋದೇ ಇಲ್ಲ, ಕೆಳಗಿನ ಮರದ ಗೆರೆ ಕಾಣುತ್ತೆ, ಅದು ಸರಿ. ಒಣಗಿದ ಮೇಲೆ ಅಂಚು ಕತ್ತರಿಸಿ, ವಾರ್ನಿಶ್ ಹೊಡೀರಿ. ಯಾವ ಬಟ್ಟೆ ಅಂಟಿಸಿದ್ದರೂ ಮೊದಲ ದಿನಗಳಲ್ಲಿ ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಎಳೀಬೇಕು, ಬಾಣ ಇಲ್ಲದೆ ಹೆದೆ ಎಳೆದು ಬಿಡಬಾರದು. ಈ ಎರಡನ್ನೂ ಅಳಿಯನಿಂದ ಫೋನಿನಲ್ಲಿ ಮಾತು ತಗೊಂಡಿದ್ದೀನಿ.

ಬಟ್ಟೆ ಮುಂದಿನ ವಾರ ಅಲ್ಲಿಗೆ ಹೋಗೋರ ಕೈಯಲ್ಲಿ ಹೋಗುತ್ತೆ. ಹೊಸ ಹಲಗೆ ತಂದು ಫೋಟೋ ಕಳಿಸಿದಾನೆ, ಗೆರೆಗಳು ಈ ತುದಿಯಿಂದ ಆ ತುದಿಗೆ ನೆಟ್ಟಗಿವೆ, ಒಂದು ಕಡೆ ಮಾತ್ರ ಸಣ್ಣ ಗಂಟಿನ ಹತ್ತಿರ ಓಲಾಡಿದೆ. ಅಲ್ಲಿ ಎರಡು ಪದರ ಹಾಕು ಅಂದಿದ್ದೀನಿ. ಸೀರೆಯನ್ನ ತಂಗಿಗೆ ಹೇಳಿ ಬಿಚ್ಚಿಸಿ, ಮಡಿಕೆ ಬದಲಾಯಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿಸಿದೆ. ನಾಳಿದ್ದು ನಮಗೆ ಚಾಕಿ ಹುಳು ಬರ್ತವೆ, ಹುಳು ಮನೆಗೆ ಇನ್ನೂ ಸುಣ್ಣ ಬ್ಲೀಚಿಂಗ್ ಹೊಡೆದಿಲ್ಲ. ಬಟ್ಟೆಯ ತುಂಡು ಮನೆಯಲ್ಲಿ ಸ್ವಲ್ಪ ಉಳಿದಿದೆ, ಮುಟ್ಟಿ ನೋಡಬೇಕು ಅನ್ನೋರು ಬಂದರೆ ತೋರಿಸ್ತೀನಿ. ಬರೋ ಮುಂಚೆ ಒಂದು ಮಾತು ಹೇಳಿ ಬನ್ನಿ, ಹುಳು ಇರುವಾಗ ಹೊರಗಿನವರನ್ನ ಒಳಗೆ ಬಿಡಲ್ಲ, ಜಗಲಿಯಲ್ಲೇ ಕೂತು ಮಾತಾಡೋಣ.